ರುಮಾಲಿನ ತುದಿ

ತಿಳವಳ್ಳಿಯ ಯಜಮಾನರನ್ನು ನನ್ನ ದವಾಖಾನೆಗೆ ತಂದ ದಿನ, ತಾವೇ ಕಾರಿನಿಂದ ಇಳಿದು ನಡೆದು ಬರುತ್ತೇನೆಂದು ಅವರು ಹಟ ಹಿಡಿದಿದ್ದರು. ಬೆಳಗಿನಿಂದ ಎದೆಯಲ್ಲಿ ಹಿಂಡುವ ನೋವು, ಅಂಗಿ ತೋಯುವಷ್ಟು ಬೆವರು, ತುಟಿಗೆ ಬೂದಿಯ ಬಣ್ಣ. ಇಷ್ಟಿದ್ದರೂ ಒಂದು ಕೈ ತಲೆಯ ಮೇಲಿನ ರುಮಾಲನ್ನು ಸರಿಮಾಡುತ್ತಿತ್ತು. ನಾನು ಮೆಟ್ಟಿಲ ಮೇಲಿನಿಂದಲೇ ಗದರಿದೆ.

"ಇಳೀಬ್ಯಾಡ್ರಿ. ಇದ್ದಲ್ಲೇ ಇರ್ರಿ, ಸ್ಟ್ರೆಚರ್ ಬರ್ತದ."

"ಮಂದಿ ನೋಡತಾರ್ರೀ ಸಾಹೇಬ್ರ."

"ನೋಡ್ಲಿ. ಮಂದಿ ನೋಡಿದ್ರ ನೀವೇನೂ ಸವೆಯೂದಿಲ್ಲ."

ಅವರು ನಕ್ಕರು. ಆ ನೋವಿನಲ್ಲೂ ನಕ್ಕರು ಎಂಬುದಕ್ಕೆ ನನಗೆ ಅವರ ಮೇಲೆ ಅಲ್ಲೇ ಪ್ರೀತಿ ಹುಟ್ಟಿತು. ವಯಸ್ಸು ಐವತ್ತೈದರ ಆಸುಪಾಸು, ಎತ್ತರದ ಆಳು. ಊರಿನಲ್ಲಿ ಎರಡು ಮನೆಗಳ ನಡುವೆ ಜಗಳ ಬಿದ್ದರೆ ಬಗೆಹರಿಸಲು ಅವರನ್ನೇ ಕರೆಯುತ್ತಿದ್ದರಂತೆ. ಜೊತೆಗೆ ಹೆಂಡತಿ ಮತ್ತು ತಮ್ಮ ಬಂದಿದ್ದರು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹಾನಗಲ್ಲಿನಲ್ಲಿ ನನ್ನದು ಹನ್ನೆರಡು ಹಾಸಿಗೆಗಳ ಸಣ್ಣ ದವಾಖಾನೆ. ಸುತ್ತಿನ ನಾಲ್ಕು ತಾಲ್ಲೂಕುಗಳಿಂದ ಹೊಟ್ಟೆ ಕೊಯ್ಯಬೇಕಾದವರು, ಹೆರಿಗೆ ಕಟ್ಟಿಕೊಂಡವರು, ಬಾವಿಗೆ ಬಿದ್ದು ಕಾಲು ಮುರಿದವರು ಎಲ್ಲರೂ ಬರುತ್ತಿದ್ದರು. ಎರಡು ವರ್ಷದ ಹಿಂದೆ ಸವಣೂರು ಕಡೆಯ ಹರೆಯದವನೊಬ್ಬನಿಗೆ ಹೋರಿ ಬೆದರಿಸುವಾಗ ಎದೆಗೆ ಕೋಡು ನಾಟಿತ್ತು. ಅವನ ಎದೆ ತೆರೆದು, ಹೃದಯದ ಗೋಡೆಗೆ ಎರಡು ಹೊಲಿಗೆ ಹಾಕಿ ಬದುಕಿಸಿದ್ದೆ. ಅಂದಿನಿಂದ ನನ್ನ ಹೆಸರು ನನಗಿಂತ ಮುಂದೆ ಓಡುತ್ತಿತ್ತು. ನಾನೂ ಅದರ ಹಿಂದೆ ಸ್ವಲ್ಪ ಎದೆ ಉಬ್ಬಿಸಿಕೊಂಡೇ ನಡೆಯುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮರುದಿನ ಹುಬ್ಬಳ್ಳಿಯಿಂದ ಫಿಜಿಷಿಯನ್ ಗೆಳೆಯನೊಬ್ಬ ಟ್ರಂಕಿನಷ್ಟು ದೊಡ್ಡ ಇಸಿಜಿ ಪೆಟ್ಟಿಗೆಯನ್ನು ಕಾರಿನಲ್ಲಿಟ್ಟುಕೊಂಡು ಬಂದ. ಕಾಗದದ ಪಟ್ಟಿ ನೋಡಿ ತಲೆ ಅಲ್ಲಾಡಿಸಿದ. ಹೃದಯದ ಮುಂಗೋಡೆಗೆ ರಕ್ತ ನಿಂತುಹೋಗಿತ್ತು, ಅದೂ ದೊಡ್ಡ ಭಾಗಕ್ಕೆ. ಹುಬ್ಬಳ್ಳಿಗೆ ಒಯ್ಯೋಣವೇ ಎಂದೆ. ಬಂಕಾಪುರದವರೆಗಿನ ರಸ್ತೆಯ ತಗ್ಗುಗಳಲ್ಲಿ ಕಾರು ಕುಣಿದದ್ದು ಅವನ ಸೊಂಟಕ್ಕೆ ಇನ್ನೂ ನೆನಪಿತ್ತು. "ಆ ದಾರ್ಯಾಗ ಒಯ್ದ್ರ ಮುಟ್ಟೂದ್ರೊಳಗ ಮುಗೀತದ. ಇಲ್ಲೇ ಮಲಗಿಸು. ಆರು ವಾರ ಅಲ್ಲಾಡಬಾರದು," ಎಂದು ಹೇಳಿ ಹೋದ.

ಆ ಕಾಲದಲ್ಲಿ ಹೃದಯಾಘಾತಕ್ಕೆ ನಮ್ಮ ಬಳಿ ಹೆಚ್ಚೇನೂ ಇರಲಿಲ್ಲ. ನೋವಿಗೆ ಮಾರ್ಫಿಯಾ, ಉಸಿರಿಗೆ ಆಕ್ಸಿಜನ್, ಉಳಿದದ್ದೆಲ್ಲ ಹಾಸಿಗೆಯ ಮೇಲೆ ಬಿಟ್ಟದ್ದು. ರಕ್ತ ಸಿಗದೆ ಸತ್ತ ಭಾಗ ಮೊದಲ ವಾರದಲ್ಲಿ ಮೆತ್ತಗಾಗುತ್ತದೆ, ಆಮೇಲೆ ನಿಧಾನವಾಗಿ ಗಟ್ಟಿ ಕಲೆಯಾಗಿ ಮಾಯುತ್ತದೆ. ಆ ಮೆತ್ತಗಿನ ದಿನಗಳಲ್ಲಿ ಹೃದಯಕ್ಕೆ ಶ್ರಮ ಬಿದ್ದರೆ ಗೋಡೆಯೇ ಹರಿಯಬಹುದು. ಹರಿದರೆ ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬಿ, ಒಳಗಿನ ಹೃದಯವನ್ನು ಹಿಸುಕಿ ನಿಲ್ಲಿಸುತ್ತದೆ. ಅದಕ್ಕೇ ಕಟ್ಟಪ್ಪಣೆ: ಏಳುವಂತಿಲ್ಲ, ಕೂರುವಂತಿಲ್ಲ, ತಾನಾಗಿ ಮಗ್ಗುಲಾಗುವಂತೆಯೂ ಇಲ್ಲ. ಊಟ ಮಲಗಿದಲ್ಲೇ, ಉಳಿದದ್ದೂ ಮಲಗಿದಲ್ಲೇ.

ಯಜಮಾನರು ಊಟಕ್ಕೆ ಒಪ್ಪಿದರು. ಹಾಸಿಗೆಯಲ್ಲಿ ಬೆಡ್‌ಪ್ಯಾನ್ ಎಂದಾಗ ಮುಖ ಗೋಡೆಯ ಕಡೆ ತಿರುಗಿಸಿದರು. ಒಂದು ದಿನ ತಡೆದುಕೊಂಡೇ ಇದ್ದರು. ಕಡೆಗೆ ನಾನು ಕುರ್ಚಿ ಎಳೆದುಕೊಂಡು ಕುಳಿತು, ಅವರ ಎದೆಯೊಳಗೆ ಏನಾಗಿದೆಯೆಂದು ಹೇಳಿ, ಏಳುವುದೆಂದರೆ ಸಾಯುವುದೆಂದು ಬಿಡಿಸಿ ಹೇಳಿದೆ. "ಆತ್ರಿ, ನೀವು ಅಂದಂಗ," ಎಂದರು. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣ ದನಿಯಲ್ಲಿ ಹೇಳಿದ್ದು ನನಗೆ ಕೆಡುಕೆನಿಸಿತು. ಆದರೆ ರೋಗಿ ಮಾತು ಕೇಳಿದನೆಂಬ ಸಮಾಧಾನ ಅದಕ್ಕಿಂತ ದೊಡ್ಡದಾಗಿತ್ತು.

ಇನ್ನು ಉಳಿದದ್ದು ಮಂದಿ. ನಮ್ಮ ಕಡೆ ಹಿರಿಯರೊಬ್ಬರು ಹಾಸಿಗೆ ಹಿಡಿದರೆ ಮಾತಾಡಿಸಲು ಬರದವನು ಮನುಷ್ಯನೇ ಅಲ್ಲ. ಬಂದವರಿಗೆ ಎದ್ದು ಕೂತು ಕೈಮುಗಿಯದ ರೋಗಿಯೂ ಮನುಷ್ಯನಲ್ಲ. ತಿಳವಳ್ಳಿಯ ಬಸ್ಸು ಬಂದಾಗಲೆಲ್ಲ ಹತ್ತು ಹದಿನೈದು ಜನ ಬಾಳೆಹಣ್ಣಿನ ಚಿಪ್ಪು ಹಿಡಿದು ಇಳಿಯುತ್ತಿದ್ದರು. ಅವರಿಗೆ ತಿಳಿಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. "ಮಾರಿ ನೋಡಿ ಹೋಗತೇವ್ರಿ, ಮಾತ ಆಡಂಗಿಲ್ಲ," ಎನ್ನುವರು. ಬಂದವರ ಮುಖ ಕಂಡರೆ ಯಜಮಾನರು ಏಳುತ್ತಾರೆಂದು ನನಗೆ ಗೊತ್ತಿತ್ತು. ವಾರ್ಡಿನ ಕೊನೆಯ ಕೋಣೆಗೆ ಅವರನ್ನು ಸಾಗಿಸಿ, ಬಾಗಿಲಲ್ಲಿ ಜವಾನನನ್ನು ಕೂರಿಸಿದೆ. ಹೆಂಡತಿಯೊಬ್ಬರ ಹೊರತು ಯಾರನ್ನೂ ಒಳಗೆ ಬಿಡಬಾರದು, ತಮ್ಮನನ್ನೂ. ಬಾಗಿಲಿಗೆ ಸುಣ್ಣದ ಅಕ್ಷರದ ಹಲಗೆ ಬೇರೆ ತೂಗುಹಾಕಿದೆ. ಇಡೀ ತಿಳವಳ್ಳಿಯನ್ನು ತಡೆದು ನಿಲ್ಲಿಸಿದೆನೆಂದು ಒಳಗೊಳಗೆ ಬೀಗುತ್ತಿದ್ದೆ.

ಎರಡನೆಯ ದಿನ ಬೆಳಿಗ್ಗೆ ನಾನು ರೌಂಡಿಗೆ ಹೋದಾಗ ಯಜಮಾನರು ಬರಿದಲೆಯಲ್ಲಿ ಮಲಗಿದ್ದರು. ನನ್ನನ್ನು ಕಂಡವರೇ ಹೊದಿಕೆಯ ಅಂಚನ್ನು ತಲೆಯ ಮೇಲೆ ಎಳೆದುಕೊಂಡರು. ನನಗೆ ನಗು ಬಂತು.

"ಏನ್ರಿ ಯಜಮಾನ್ರ, ಮದಲಗಿತ್ತಿ ಹಂಗ ಸೆರಗು ಹೊತ್ತೀರಿ?"

ಅವರು ನಗಲಿಲ್ಲ. ಹೆಂಡತಿ ನೆಲ ನೋಡಿದರು. ನಾನು ನಾಡಿ ಹಿಡಿದು, ಎದೆ ಕೇಳಿ, ಮುಂದಿನ ಹಾಸಿಗೆಗೆ ಹೋದೆ.

ಮೂರನೆಯ ದಿನ ಹೋದಾಗ ತಲೆಯ ಮೇಲೆ ರುಮಾಲಿತ್ತು. ಕೆಂಪು ಅಂಚಿನ ಬಿಳಿ ರುಮಾಲು, ಸುತ್ತಿನ ಮೇಲೆ ಸುತ್ತು ಒಂದಿಷ್ಟೂ ಸಡಿಲಿಲ್ಲದೆ ಕೂತಿತ್ತು. ಮುಖ ತೊಳೆದಿತ್ತು, ಹಣೆಯಲ್ಲಿ ವಿಭೂತಿ ಇತ್ತು. ದಿಂಬಿನ ಮೇಲೆ ನೆಟ್ಟಗೆ ಮಲಗಿದ್ದರು. ನೋವು ಕಡಿಮೆಯಾಗಿತ್ತು, ನಾಡಿ ಸಮವಾಗಿತ್ತು. ಹಿಂದಿನ ದಿನದ ನನ್ನ ಚೇಷ್ಟೆ ಅವರಿಗೆ ನಟ್ಟಿತ್ತೇನೋ ಎಂಬ ಸಂಶಯ ನನ್ನಲ್ಲಿ ಇತ್ತು. ಅದನ್ನು ತೊಡೆಯಲೆಂದು ಧಾರಾಳವಾಗಿ ಹೊಗಳಿದೆ.

"ಹಿಂಗಿರಬೇಕು. ಇನ್ನ ನಾ ನಾಡಿ ನೋಡೂ ಅಗತ್ಯ ಇಲ್ಲ. ಬಾಗಲದಾಗ ನಿಂತು ಈ ರುಮಾಲು ನೋಡಿದ್ರ ಸಾಕು, ನೀವು ಹುಷಾರಾಗಾಕತ್ತೀರಿ ಅಂತ ತಿಳೀತದ."

ಆಗ ನಕ್ಕರು. ನಾನು ಹುಬ್ಬಳ್ಳಿಗೆ ಟ್ರಂಕ್ ಕಾಲ್ ಮಾಡಿದಾಗ ಗೆಳೆಯನಿಗೂ ಹೇಳಿದೆ: ರೋಗಿ ರುಮಾಲು ಕಟ್ಟಿಕೊಂಡು ದರ್ಬಾರು ಮಾಡುತ್ತಿದ್ದಾರೆ ಎಂದು. ನಾಲ್ಕನೆಯ ದಿನವೂ ರುಮಾಲು, ಐದನೆಯ ದಿನವೂ ರುಮಾಲು. ನಾನು ಬಾಗಿಲಲ್ಲಿ ನಿಂತು "ಶಭಾಷ್" ಎನ್ನುವುದು, ಅವರು ಮಲಗಿದಲ್ಲೇ ಕೈಮುಗಿಯುವುದು ರೂಢಿಯಾಯಿತು.

ಆರನೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತೆ. ರುಮಾಲು ನೆಟ್ಟಗೇ ಇತ್ತು. ಅದರ ಕೆಳಗಿನ ಮುಖ ಬೇರೆಯವರದಾಗಿತ್ತು. ಕಣ್ಣು ಅರೆತೆರೆದಿದ್ದವು, ವಿಭೂತಿ ಬೆವರಿನಲ್ಲಿ ಕಲಸಿ ಹುಬ್ಬಿನ ಮೇಲೆ ಇಳಿದಿತ್ತು. ಕುತ್ತಿಗೆಯ ಎರಡೂ ಬದಿಯ ರಕ್ತನಾಳಗಳು ಬೆರಳ ಗಾತ್ರಕ್ಕೆ ಉಬ್ಬಿದ್ದವು. ಕೈ ಹಿಡಿದೆ. ಅವರು ಉಸಿರು ಎಳೆದುಕೊಂಡಾಗಲೆಲ್ಲ ನಾಡಿ ಮಾಯವಾಗಿ, ಬಿಟ್ಟಾಗ ಸಣ್ಣಗೆ ಮರಳುತ್ತಿತ್ತು. ಎದೆಗೆ ಸ್ಟೆತೊಸ್ಕೋಪ್ ಇಟ್ಟರೆ ಹೃದಯದ ಸದ್ದು ಗೋಡೆಯಾಚೆಯ ಮನೆಯಲ್ಲಿ ಯಾರೋ ಕುಟ್ಟುತ್ತಿರುವಂತೆ ದೂರದಿಂದ ಕೇಳಿತು. ಹೃದಯದ ಗೋಡೆ ಹರಿದಿತ್ತು.

ನನಗೆ ಮೊದಲು ಬಂದದ್ದು ಸಿಟ್ಟು. ಜವಾನನ ರಟ್ಟೆ ಹಿಡಿದು ಎಳೆದು ಎಲ್ಲರೆದುರೇ ಕೂಗಾಡಿದೆ.

"ಯಾರನ್ನ ಒಳಗ ಬಿಟ್ಟೀ? ಯಾರಿಗೆ ಎದ್ದು ಕುಂತಾರ ಇವ್ರು?"

"ನಮ್ಮವ್ವನ ಆಣಿರಿ, ಒಂದು ಪಿಳ್ಳಿನೂ ಬಿಟ್ಟಿಲ್ರಿ."

ನಾನು ನಂಬಲಿಲ್ಲ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ಕಂಡರೂ ನಂಬಲಿಲ್ಲ.

ಸಿಸ್ಟರ್ ಉದ್ದ ಸೂಜಿ ತಂದಳು. ಚಿಕ್ಕೇರೂರಿನ ಹೆಣ್ಣುಮಗಳು, ಮಾತು ಕಡಿಮೆ, ಕೈ ಚುರುಕು. ಎದೆಯ ನಡುಮೂಳೆಯ ಕೆಳತುದಿಯಿಂದ ಎಡಭುಜದ ದಿಕ್ಕಿಗೆ ಸೂಜಿಯನ್ನು ಮೆಲ್ಲಗೆ ಒಳಗೆ ನಡೆಸಿದೆ. ಚೀಲ ಚುಚ್ಚಿದಾಗ ಒಂದು ಸಣ್ಣ ತೊಡಕು ಬೆರಳಿಗೆ ತಿಳಿಯುತ್ತದೆ. ಅದು ತಿಳಿಯಿತು. ಸಿರಿಂಜಿನಲ್ಲಿ ಕಪ್ಪನೆಯ ರಕ್ತ ಬಂತು. ಅರ್ಧ ಲೋಟದಷ್ಟು ತೆಗೆಯುವುದರೊಳಗೆ ನಾಡಿ ಬೆರಳಿಗೆ ಸಿಕ್ಕಿತು, ಕುತ್ತಿಗೆಯ ನಾಳಗಳು ಇಳಿದವು. ಯಜಮಾನರು ಕಣ್ಣು ಬಿಟ್ಟು, "ನೀರು," ಎಂದರು. ಹೆಂಡತಿ ಗೋಡೆಗೆ ಒರಗಿ ಕುಸಿದು ಕೂತರು.

ಅರ್ಧ ಗಂಟೆಯಲ್ಲಿ ಮತ್ತೆ ಮೊದಲಿನಂತೆ. ಮತ್ತೆ ಸೂಜಿ, ಮತ್ತೆ ರಕ್ತ. ಈ ಸಲ ಬಿಡುವು ಕಾಲು ಗಂಟೆಯಷ್ಟೂ ಸಿಗುವಂತಿರಲಿಲ್ಲ. ತೂತು ಬಿದ್ದ ಕೊಡವನ್ನು ಬರಿದು ಮಾಡುತ್ತ ಕೂರುವುದು ಎಷ್ಟು ಹೊತ್ತು?

ವರಾಂಡದಲ್ಲಿ ಅವರ ತಮ್ಮ ನನ್ನ ದಾರಿ ಕಟ್ಟಿ ನಿಂತಿದ್ದ.

"ಹುಬ್ಬಳ್ಳಿಗೆ ಒಯ್ಯೂಣ್ರಿ. ಜೀಪು ತರಸ್ತೇನಿ."

"ಶಿಗ್ಗಾಂವಿ ದಾಟೂದಿಲ್ಲ."

"ಮತ್ತ ಏನ ಮಾಡ್ತೀರಿ?"

ಏನು ಮಾಡುವುದು ಎಂಬುದು ನನಗೂ ಗೊತ್ತಿರಲಿಲ್ಲ. ಕೋಡಿನ ಗಾಯಕ್ಕೆ ಹೊಲಿಗೆ ಹಾಕಿದ್ದೆ ನಿಜ, ಆದರೆ ಅದು ಹರೆಯದ ಗಟ್ಟಿ ಹೃದಯ. ಹೃದಯಾಘಾತದಿಂದ ಸತ್ತ ಗೋಡೆಗೆ ಹೊಲಿಗೆ ಹಾಕಿ ಬದುಕಿಸಿದ್ದನ್ನು ನಾನು ಓದಿರಲಿಲ್ಲ, ಕೇಳಿರಲಿಲ್ಲ. ಎದೆ ತೆರೆಯದಿದ್ದರೆ ಮಧ್ಯಾಹ್ನದೊಳಗೆ ಸಾವು ಖಂಡಿತ. ತೆರೆದರೆ ಮೇಜಿನ ಮೇಲೆಯೇ ಸಾವು ಬಹುತೇಕ ಖಂಡಿತ, ಮತ್ತು ಆ ಸಾವು ನನ್ನ ಕೈಯದು. ಈ ಲೆಕ್ಕದಲ್ಲಿ ನನ್ನ ಹೆಸರಿನ ಚಿಂತೆಯೂ ಸೇರಿತ್ತು ಎಂದು ಒಪ್ಪಿಕೊಳ್ಳಬೇಕು. ಸತ್ತರೆ ನಾಲ್ಕು ತಾಲ್ಲೂಕಿನಲ್ಲಿ ಏನೆಂದಾರು ಎಂದು ಒಂದು ಗಳಿಗೆ ಯೋಚಿಸಿದೆ. ಇದ್ದದ್ದನ್ನು ಇದ್ದಂತೆ ತಮ್ಮನಿಗೂ ಹೆಂಡತಿಗೂ ಹೇಳಿದೆ. ಅವರಿಬ್ಬರೂ ಒಳಗಿನ ಹಾಸಿಗೆಯ ಕಡೆ ನೋಡಿದರು. ಮನೆಯಲ್ಲಿ ಎಲ್ಲ ತೀರ್ಮಾನ ಮಾಡುತ್ತಿದ್ದವರು ಅಲ್ಲಿ ಮಲಗಿದ್ದರು.

ನಾನು ಬಾಗಿ ಅವರಿಗೇ ಕೇಳಿದೆ. "ಯಜಮಾನ್ರ, ಎದಿ ತಗದು ಹೊಲೀಬೇಕು. ಉಳೀತೀರಿ ಅಂತ ಹೇಳೂದಿಲ್ಲ. ಮಾಡ್ಲ್ಯಾ?"

"ಮಾಡ್ರಿ," ಎಂದರು. ಸಿಸ್ಟರ್ ತಲೆಯಿಂದ ರುಮಾಲನ್ನು ಎತ್ತಿ ತೆಗೆಯುತ್ತಿದ್ದಾಗ ಅವರ ಕೈ ಅದರ ಹಿಂದೆಯೇ ಹೋಯಿತು. "ಏನರ ಆದ್ರ, ನನ್ನ ಬರೇ ತಲೀಲೆ ಊರಿಗೆ ಕಳಸಬ್ಯಾಡ್ರಿ."

ಕಂಪೌಂಡರ್ ಗಂಟಲಿಗೆ ನಳಿಕೆ ಇಳಿಸಲು ನನ್ನ ಕೈಯಲ್ಲೇ ಕಲಿತವನು. ಈಥರ್ ಅತಿ ಕಡಿಮೆ, ಉಸಿರು ಕೈಯಿಂದ ಒತ್ತುವ ಚೀಲದಿಂದ. ತಮ್ಮನ ರಕ್ತ ಹೊಂದಿತು, ಅವನಿಂದ ಒಂದು ಬಾಟಲಿ ತೆಗೆದೆವು. ಇನ್ನೊಂದು ಬಾಟಲಿಗೆ ರಕ್ತ ಹೆಪ್ಪುಗಟ್ಟದ ಔಷಧಿ ಹಾಕಿ, ಬಾಯಿಗೆ ಎಂಟು ಪದರಿನ ಗಾಜ್ ಬಟ್ಟೆ ಕಟ್ಟಿ ಸಿದ್ಧವಿಟ್ಟೆವು. ಎದೆಯಲ್ಲಿ ಸುರಿದ ಅವರದೇ ರಕ್ತವನ್ನು ಸೋಸಿ ಅವರಿಗೇ ಮರಳಿ ಕೊಡುವುದಕ್ಕೆ. ಗರ್ಭನಾಳ ಒಡೆದು ಬಂದ ಹೆಂಗಸರಿಗೆ ನಾವು ಹೀಗೆಯೇ ಮಾಡುತ್ತಿದ್ದೆವು.

ಎಡಗಡೆ ಪಕ್ಕೆಲುಬುಗಳ ನಡುವೆ ಕೊಯ್ದು, ಎಲುಬುಗಳನ್ನು ಅಗಲಿಸಿದೆ. ಹೃದಯದ ಚೀಲ ನೀಲಿಯಾಗಿ ಬಿಗಿದು ನಿಂತಿತ್ತು, ಒಳಗಿನ ಬಡಿತ ಕಾಣುತ್ತಿರಲಿಲ್ಲ. ಕತ್ತರಿ ಆಡಿಸಿದ ಕ್ಷಣ ರಕ್ತ ಚಿಮ್ಮಿ ನನ್ನ ಗಲ್ಲಕ್ಕೆ ಬಿತ್ತು. ಸಿಸ್ಟರ್ ಸಣ್ಣ ಸೌಟಿನಿಂದ ಅದನ್ನು ಬಾಟಲಿಗೆ ತುಂಬತೊಡಗಿದಳು. ಹೆಪ್ಪುಗಟ್ಟಿದ್ದನ್ನು ನಾನು ಹಿಡಿಹಿಡಿಯಾಗಿ ತೆಗೆದೆ. ಒತ್ತಡ ಹೋದದ್ದೇ ಹೃದಯ ಒಮ್ಮೆಲೇ ಕುಣಿಯಿತು. ಆಗ ಹರಿದ ಜಾಗ ಕಂಡಿತು. ಉಗುರಿನ ಉದ್ದದ ಸೀಳು, ಮುಂಗೋಡೆಯ ಕೆಳಭಾಗದಲ್ಲಿ. ಪ್ರತಿ ಬಡಿತಕ್ಕೂ ಅದರಿಂದ ರಕ್ತ ಪುಟಿಯುತ್ತಿತ್ತು. ಎಡಗೈ ತೋರುಬೆರಳನ್ನು ಅದರ ಮೇಲಿಟ್ಟು ಒತ್ತಿದೆ. ನಿಂತಿತು.

ಬೆರಳಿನ ಸುತ್ತ ಗೋಡೆಯ ಬಣ್ಣ ಕೆಂಪಾಗಿರಲಿಲ್ಲ. ಅಂಗೈಯಗಲದ ಜಾಗ ಹಳದಿಗೂ ಮಣ್ಣಿಗೂ ನಡುವಿನ ಬಣ್ಣಕ್ಕೆ ತಿರುಗಿತ್ತು. ಉಳಿದ ಹೃದಯ ಕುಗ್ಗಿ ಹಿಗ್ಗುತ್ತಿದ್ದರೆ ಅಷ್ಟು ಭಾಗ ಮಾತ್ರ ಸುಮ್ಮನೆ ಮೇಲೆ ಕೆಳಗೆ ಹೊಯ್ದಾಡುತ್ತಿತ್ತು. ಬೆರಳಿನ ಕೆಳಗೆ ಅದು ಎಷ್ಟು ಮೆತ್ತಗಿತ್ತೆಂದರೆ, ಜೋರಾಗಿ ಒತ್ತಿದರೆ ಬೆರಳು ಒಳಗೇ ಹೋದೀತೆಂದು ಹೆದರಿದೆ.

ರೇಷ್ಮೆ ದಾರದ ಮೊದಲ ಹೊಲಿಗೆ ಹಾಕಿ ಗಂಟು ಬಿಗಿದೆ. ದಾರ ಗೋಡೆಯನ್ನೇ ಕೊಯ್ದುಕೊಂಡು ಹೊರಗೆ ಬಂತು. ಸೀಳು ದೊಡ್ಡದಾಯಿತು. ಇನ್ನಷ್ಟು ದೂರದಿಂದ ಎರಡನೆಯದು ಹಾಕಿದೆ. ಅದೂ ಹಾಗೆಯೇ. ಈಗ ಒಂದು ಬೆರಳು ಸಾಲದೆ ಎರಡು ಬೆರಳು ಇಟ್ಟು ನಿಂತೆ. ಕಂಪೌಂಡರ್ ನಾಡಿ ಸಿಗುತ್ತಿಲ್ಲವೆಂದ. ಕೋಡಿನ ಗಾಯ ಹೊಲಿದ ಶೂರನಿಗೆ ಮುಂದೇನೆಂದು ತೋಚಲಿಲ್ಲ. ಬಾಯಿ ಬಿಟ್ಟು, "ಆಗೂದಿಲ್ಲ," ಎಂದೆ.

ಸಿಸ್ಟರ್ ಸೌಟು ಹಿಡಿದುಕೊಂಡೇ ಒಳಗೆ ಬಗ್ಗಿ ನೋಡಿದಳು. ಕೇಳದೆ ಮಾತಾಡುವವಳಲ್ಲ.

"ಸರ್, ಹರಕು ಜಿಬಿರಾದ ಅರಬಿಗೆ ಹೊಲಿಗಿ ನಿಲ್ಲೂದಿಲ್ರಿ. ಕೌದಿ ಹೊಲಿಯೂವಾಗ ನಮ್ಮವ್ವ ಅಡಿಗೊಂದು ಮ್ಯಾಲೊಂದು ಗಟ್ಟಿ ಅರಬಿ ಇಟ್ಟು ಹೊಲೀತಾಳ್ರಿ."

ನಾನು ಅವಳ ಮುಖ ನೋಡಿದೆ. ಎಷ್ಟು ಪುಸ್ತಕ ಓದಿ ಏನು ಬಂತು. ಗಟ್ಟಿ ಬಟ್ಟೆ ಯಜಮಾನರ ಮೈಯಲ್ಲೇ ಇತ್ತು. ತೊಡೆಯ ಹೊರಮಗ್ಗುಲಲ್ಲಿ ಸ್ನಾಯುವಿನ ಮೇಲೆ ಬಿಳಿ ಪೊರೆಯೊಂದಿರುತ್ತದೆ, ಖಾದಿಯಷ್ಟು ಗಟ್ಟಿ. ನನ್ನ ಎರಡು ಬೆರಳನ್ನು ತೆಗೆದು ಸಿಸ್ಟರಿನ ಬೆರಳುಗಳನ್ನು ಸೀಳಿನ ಮೇಲೆ ಇಡಿಸಿದೆ. "ಒತ್ತಬ್ಯಾಡ, ಬಿಡಲೂಬ್ಯಾಡ," ಎಂದೆ. ತೊಡೆ ಕೊಯ್ದು, ಎರಡು ಬೆರಳಗಲದ ಪಟ್ಟಿ ತೆಗೆದು ಎರಡಾಗಿ ಕತ್ತರಿಸಿದೆ. ಸೀಳಿನ ಆಚೆಗೊಂದು ಈಚೆಗೊಂದು ಪಟ್ಟಿ ಇಟ್ಟು, ಸತ್ತ ಬಣ್ಣ ಮುಗಿದು ಕೆಂಪು ಶುರುವಾಗುವ ಅಂಚಿನಿಂದ ಸೂಜಿ ಹಾಕಿ, ಪಟ್ಟಿಯ ಮೂಲಕವೇ ದಾರ ಹಾಯಿಸಿದೆ. ಗಂಟು ಪಟ್ಟಿಯ ಮೇಲೆ ಕೂತಿತು. ಕೊಯ್ಯಲಿಲ್ಲ. ಎರಡನೆಯದು. ಮೂರನೆಯದು. ಆರು ಹೊಲಿಗೆ ಆದಮೇಲೆ ಸಿಸ್ಟರಿಗೆ ಬೆರಳು ತೆಗೆ ಎಂದೆ. ಅವಳಿಗೆ ತೆಗೆಯಲು ಧೈರ್ಯವಾಗಲಿಲ್ಲ. ನಾನೇ ಅವಳ ಕೈ ಹಿಡಿದು ಎತ್ತಿದೆ.

ಒಂದು ಹನಿಯೂ ಬರಲಿಲ್ಲ. ನಾವು ನಾಲ್ಕೈದು ನಿಮಿಷ ಏನೂ ಮಾಡದೆ ಅದನ್ನೇ ನೋಡುತ್ತ ನಿಂತೆವು. "ನಾಡಿ ಬಂತ್ರಿ," ಎಂದ ಕಂಪೌಂಡರ್. ಸೋಸಿದ ರಕ್ತ ತೊಟ್ಟು ತೊಟ್ಟಾಗಿ ತನ್ನ ಮನೆಗೆ ಮರಳುತ್ತಿತ್ತು.

ಹೊರಗೆ ಬಂದಾಗ ಮಧ್ಯಾಹ್ನದ ಬಸ್ಸಿನಿಂದ ಇಳಿದ ತಿಳವಳ್ಳಿಯ ಜನ ಬಾಳೆಹಣ್ಣು ಹಿಡಿದು ಗೇಟಿನಲ್ಲಿ ನಿಂತಿದ್ದರು. ಹೆಂಡತಿ ವರಾಂಡದ ಕಂಬದ ಹತ್ತಿರ ಕೂತು, ಮಡಿಲಲ್ಲಿ ರುಮಾಲು ಇಟ್ಟುಕೊಂಡಿದ್ದರು. "ಅದಾರ್ರಿ," ಎಂದೆ, ಅಷ್ಟೇ. ಬದುಕಿದರು ಎಂಬ ಮಾತು ನನ್ನ ನಾಲಿಗೆಗೆ ಬರಲಿಲ್ಲ. ಹೊಲಿಗೆ ಹಾಕಿದ್ದು ಸೀಳಿಗೆ. ಸತ್ತ ಅಂಗೈಯಗಲದ ಗೋಡೆಗೆ ಜೀವ ತರುವ ಹೊಲಿಗೆ ಯಾರಿಗೂ ಗೊತ್ತಿರಲಿಲ್ಲ.

ಸಂಜೆಗೆ ಯಜಮಾನರಿಗೆ ಎಚ್ಚರವಾಯಿತು. ಮರುದಿನ ಬೆಳಿಗ್ಗೆ ರೌಂಡಿಗೆ ಹೋದೆ. ಬಾಗಿಲಲ್ಲಿ ಕಾಲು ತಾನಾಗಿ ನಿಂತಿತು. ಯಜಮಾನರು ಬರಿದಲೆಯಲ್ಲಿದ್ದರು, ಮೂಗಿಗೆ ಆಕ್ಸಿಜನ್ನಿನ ನಳಿಕೆ, ಮುಖ ಮೇಣದ ಬಣ್ಣ. ಕಾಲು ತಣ್ಣಗಿದ್ದವು, ಮೂತ್ರ ನಿಂತುಹೋಗಿತ್ತು. ಹೊಲಿಗೆ ಹಿಡಿದಿದೆ, ಹೃದಯ ಸೋಲುತ್ತಿದೆ ಎಂದು ಅರ್ಥವಾಯಿತು. ನನ್ನನ್ನು ಕಂಡು ಅವರ ಬಲಗೈ ಮೆಲ್ಲಗೆ ಎದ್ದು ನೆತ್ತಿಯನ್ನು ಹುಡುಕಿತು, ಮತ್ತೆ ಹೊದಿಕೆಯ ಅಂಚನ್ನು ಹುಡುಕಿತು.

ಹೆಂಡತಿ ತೊಳೆದು ಒಣಗಿಸಿ ಮಡಿಚಿದ ರುಮಾಲನ್ನು ಕೈಯಲ್ಲಿ ಹಿಡಿದು ನಿಂತಿದ್ದರು. "ನಿಮ್ಮ ಮುಂದ ಹಿಂಗ ಇರಾಕ ನಾಚಿಕಿ ಆಗೇತ್ರಿ ಅವರಿಗೆ," ಎಂದರು.

"ಕಟ್ರಿ ಮತ್ತ. ಅಲ್ಲಾಡಿಸದಂಗ, ದಿನಾ ಮಲಗಿದಲ್ಲೇ ಕಟ್ಟತಿದ್ದಂಗ ಕಟ್ರಿ."

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದರು. "ಮಲಗಿ ಹೆಂಗ ಕಟ್ಟಾಕ ಬರತೈತ್ರಿ? ಇದು ಹತ್ತು ಮೊಳ ಐತಿ. ನಿಂತಕೊಂಡ ಕಟ್ಟಬೇಕ್ರಿ. ನಾ ಆ ಕಡೆ ತುದಿ ಬಿಗಿಯಾಗಿ ಹಿಡೀತಿದ್ದೆ, ಅವರು ಗರಗರ ತಿರುಗಿ ಸುತ್ತಕೊಂತಿದ್ರು. ಮುಂಜಾನೆ ಆಯಾ ನೀರಿಗೆ ಹೋದಾಗ, ಬಾಗಲಾ ಮುಂದ ಮಾಡಿ."

"ದಿನಾ?"

"ದಿನಾ ರಿ. ನೀವು ಸೆರಗು ಅಂದ ಮರುದಿನದಿಂದ."

"ಏಳಬಾರದು ಅಂತ ಹೇಳಿದ್ದೆನಲ್ರಿ ಅವ್ವಾರ."

"ಹೇಳಿದ್ರಿ. ಉಣ್ಣಾಕ ಏಳಲಿಲ್ಲ, ಹೊರಕಡೆಗೆ ಏಳಲಿಲ್ಲ, ಬೀಗರು ಬಾಗಲತನಾ ಬಂದ್ರೂ ಏಳಲಿಲ್ಲ. ಇದಕ್ಕ ನೀವ ಶಭಾಷ್ ಅಂತಿದ್ರಿ. ರುಮಾಲು ನೋಡಿದ್ರ ಹುಷಾರಾಗಿದ್ದು ತಿಳೀತದ ಅಂದ್ರಿ. ಒಂದಿನಾ ಕಟ್ಟಲಿಲ್ಲಂದ್ರ ಸಾಹೇಬ್ರು ಏನ ತಿಳಕೊಂಡಾರು ಅಂತಿದ್ರು."

ಸರ್ಜನ್ ಎಂದು ಹೆಸರಾದವನು ನಾನು. ಈ ಸೀಮೆಯಲ್ಲಿ ಹುಟ್ಟಿ ಬೆಳೆದವನು. ನಮ್ಮ ಅಜ್ಜ ರುಮಾಲು ಸುತ್ತುವಾಗ ಅದರ ತುದಿಯನ್ನು ಹಿಡಿದು ಅಂಗಳದ ಆಚೆ ತುದಿಯಲ್ಲಿ ನಿಂತಿರುತ್ತಿದ್ದವನು ನಾನೇ. ಮಲಗಿದ ಮನುಷ್ಯನ ತಲೆಯ ಮೇಲೆ ಹತ್ತು ಮೊಳದ ಬಟ್ಟೆ ಸುತ್ತು ಸಡಿಲವಿಲ್ಲದೆ ಕೂತದ್ದನ್ನು ನಾಲ್ಕು ಬೆಳಿಗ್ಗೆ ಬಾಗಿಲಲ್ಲಿ ನಿಂತು ನೋಡಿದ್ದೆ. ನೋಡಿ ಹೊಗಳಿದ್ದೆ. ಎಲ್ಲವನ್ನೂ ನಾನು ಅವರಿಂದ ಕಿತ್ತುಕೊಂಡಾಗ ಅವರು ಉಳಿಸಿಕೊಂಡಿದ್ದು ಅದೊಂದನ್ನೇ, ಅದನ್ನೂ ನನಗೆ ತೋರಿಸುವುದಕ್ಕೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ಕುಂಬಾರನೂ ನಾನೇ, ದೊಣ್ಣೆ ಹಿಡಿದವನೂ ನಾನೇ.

ಹೊರಗೆ ಬಂದು ಜವಾನನನ್ನು ಕರೆದೆ. ತಪ್ಪಾಯಿತು ಎಂದೆ. ಅವನು, "ಇರ್ಲಿ ಬಿಡ್ರಿ ಸಾಹೇಬ್ರ, ಮನಿಶ್ಯಾಗ ಸಿಟ್ಟು ಬರತೈತಿ," ಎಂದು ಮತ್ತೆ ಹೋಗಿ ಬಾಗಿಲಲ್ಲಿ ಕೂತ. ಕಾಯಲು ಇನ್ನೇನೂ ಉಳಿದಿಲ್ಲವೆಂದು ಅವನಿಗೆ ಹೇಳಲು ಮನಸ್ಸಾಗಲಿಲ್ಲ.

ಅಂದು ಮಧ್ಯಾಹ್ನ ಮೂರರ ಸುಮಾರಿಗೆ ಯಜಮಾನರು ತೀರಿಕೊಂಡರು. ನಾನು ನಾಡಿ ಹಿಡಿದು ಪಕ್ಕದಲ್ಲೇ ಇದ್ದೆ. ಯಾವ ಗದ್ದಲವೂ ಇರಲಿಲ್ಲ. ನಾಡಿ ಸಣ್ಣದಾಗುತ್ತ ಹೋಗಿ, ಮುಂದಿನದು ಬರಲಿಲ್ಲ. ತಮ್ಮನ ಒಪ್ಪಿಗೆ ಪಡೆದು, ಅದೇ ಗಾಯದ ಮೂಲಕ ಒಳಗೆ ನೋಡಿದೆ. ಆರು ಹೊಲಿಗೆಯೂ ಹಾಕಿದಂತೆಯೇ ಇದ್ದವು, ಚೀಲ ಒಣಗಿತ್ತು. ಹುಬ್ಬಳ್ಳಿಯ ಗೆಳೆಯ ಆಮೇಲೆ ಇದನ್ನು ಕೇಳಿ, ಸಣ್ಣ ಮಾತಲ್ಲ, ಬರೆದು ಕಳಿಸು ಎಂದ. ನಾನು ಬರೆಯಲಿಲ್ಲ. ಬರೆದರೆ ಗೋಡೆ ಯಾಕೆ ಹರಿಯಿತು ಎಂಬುದನ್ನೂ ಬರೆಯಬೇಕಾಗುತ್ತಿತ್ತು.

ಅವರ ಪದ್ಧತಿಯಲ್ಲಿ ಸತ್ತವರನ್ನು ಕೂರಿಸಿ ಒಯ್ಯುತ್ತಾರೆ. ವರಾಂಡದಲ್ಲಿ ಕುರ್ಚಿಗೆ ಒರಗಿಸಿ, ಬಿಳಿ ಅಂಗಿ ತೊಡಿಸಿ, ವಿಭೂತಿ ಹಚ್ಚಿ ಕೂರಿಸಿದರು. ಗೇಟಿನ ಹೊರಗೆ ಜೀಪು ಕಾಯುತ್ತಿತ್ತು. ರುಮಾಲನ್ನು ತಮ್ಮನೇ ಬಿಡಿಸಿದ.

"ಅಣ್ಣನ್ನ ಬರೇ ತಲೀಲೆ ಒಯ್ಯೂದಿಲ್ಲ," ಎಂದ.

ಆಗ ಹೆಂಡತಿ ನನ್ನ ಹತ್ತಿರ ಬಂದರು. ಅಳುತ್ತಿರಲಿಲ್ಲ. ದನಿ ತಗ್ಗಿಸಿ ಕೇಳಿದರು.

"ಸಾಹೇಬ್ರ, ಒಂದು ಮಾತು. ನಾ ತುದಿ ಹಿಡಿದಿದ್ದಕ್ಕ ಹಿಂಗಾತೇನ್ರಿ?"

"ಇಲ್ರಿ ಅವ್ವಾರ. ನಿಮ್ಮ ತಪ್ಪು ಏನೇನೂ ಇಲ್ಲ. ತಪ್ಪು ನಂದು. ನಾ ದಿನಾ ನೋಡಿದೆ, ನನಗ ತಿಳೀಬೇಕಿತ್ತು. ನಾನ ಅವರನ್ನ ಎದ್ದು ನಿಂದ್ರಿಸಿದಂಗಾತು."

ಅದು ಪೂರ್ತಿ ನಿಜವಾದ ಮಾತು. ಅದನ್ನು ಹೇಳಲು ಬೆಳಗಿನಿಂದ ನಾನು ಧೈರ್ಯ ಕೂಡಿಸಿಕೊಳ್ಳುತ್ತಿದ್ದೆ. ಆಕೆ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಕರುಣೆಯಿಂದ ತಲೆ ಅಲ್ಲಾಡಿಸಿದರು.

"ದೊಡ್ಡವರು ಹಂಗ ಅಂತೀರ್ರಿ. ನನ್ನ ಸಮಾಧಾನಕ್ಕ."

ಇನ್ನೆಷ್ಟು ಸಲ ಹೇಳಿದರೂ ಆಕೆ ಅದನ್ನು ನನ್ನ ದೊಡ್ಡತನಕ್ಕೆ ಸೇರಿಸುತ್ತಿದ್ದರೇ ಹೊರತು ನನ್ನ ತಪ್ಪಿಗಲ್ಲ.

ಅಣ್ಣನ ತಲೆಗೆ ರುಮಾಲಿನ ಒಂದು ತುದಿ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ತಮ್ಮ ಅತ್ತಿಗೆಯತ್ತ ಚಾಚಿದ. ಆಕೆ ಕೈ ಮುಂದೆ ಮಾಡಲಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ಊರ ಜನ ಒಬ್ಬರ ಮುಖ ಒಬ್ಬರು ನೋಡಿದರು. ರುಮಾಲಿನ ತುದಿ ಗಾಳಿಗೆ ನೆಲಕ್ಕೆ ತಾಗುವಂತಿತ್ತು.

ನಾನು ಹೋಗಿ ಅದನ್ನು ಹಿಡಿದುಕೊಂಡೆ. ಹತ್ತು ಮೊಳ ದೂರ ಸರಿದು, ವರಾಂಡದ ಆಚೆ ಕೊನೆಯಲ್ಲಿ ನಿಂತೆ. ಕೂತವರು ತಿರುಗುವಂತಿರಲಿಲ್ಲ. ಹಾಗಾಗಿ ಒಂದೊಂದು ಸುತ್ತನ್ನು ತಮ್ಮನೇ ಕೈಯಿಂದ ಕೂರಿಸುತ್ತಿದ್ದ, ನಾನು ತುದಿ ಹಿಡಿದು ಕುರ್ಚಿಯ ಸುತ್ತ ಬರುತ್ತಿದ್ದೆ. ಸುತ್ತು ಸುತ್ತಿಗೂ ನಾನು ಅವರ ಮುಖಕ್ಕೆ ಹತ್ತಿರವಾಗುತ್ತಿದ್ದೆ.

"ಬಿಗಿ ಹಿಡೀರಿ ಸಾಹೇಬ್ರ," ಎಂದ ತಮ್ಮ. "ಸಡ್ಲಾದ್ರ ಅಣ್ಣಗ ಸೇರೂದಿಲ್ಲ."

ಬಿಗಿಯಾಗಿ ಹಿಡಿದೆ.